ಹಾಲು ಕರೆಯುವ ಹೊತ್ತು

ಯೋಗನರಸಿಂಹನಿಗೆ ಕಂಪ್ಯೂಟರ್ ಹುಚ್ಚು ಹಿಡಿದದ್ದು ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದಾಗ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿದ್ದನ್ನು ಕಂಡು ಬಂದವನು ಅವತ್ತು ಸರಿಯಾಗಿ ಉಣ್ಣಲೂ ಇಲ್ಲವೆಂದು ಅವನ ಹೆಂಡತಿ ಕೌಸಲ್ಯಮ್ಮ ಈಗಲೂ ಆಡಿಕೊಳ್ಳುತ್ತಾರೆ. ತೊಂಬತ್ತನಾಲ್ಕರಲ್ಲಿ ಕೆಲಸ ಬಿಟ್ಟು ಬಟವಾಡಿಯಲ್ಲಿ, ನನ್ನ ಔಷಧಿ ಅಂಗಡಿಯ ಪಕ್ಕದಲ್ಲೇ, ಕಂಪ್ಯೂಟರ್ ಸೆಂಟರ್ ತೆರೆದ. ಕಲಿಯಲು ಬಂದವರಿಗೆಲ್ಲ ಮೊದಲ ಪಾಠ ಒಂದೇ: "ಇದು ಶುದ್ಧ ದಡ್ಡ ಕಣ್ರೀ. ನಾವು ಹೇಳಿದ್ದಷ್ಟೇ ಮಾಡುತ್ತೆ. ತಪ್ಪು ಹೇಳಿದ್ರೆ ತಪ್ಪೇ ಮಾಡುತ್ತೆ."

ಪಾಠ ಕೇಳುವವರು ಬೆರಳೆಣಿಕೆಯಷ್ಟು. ಹೊಟ್ಟೆಪಾಡಿಗೆ 'ಕಂಪ್ಯೂಟರ್ ಜಾತಕ' ಎಂದು ಬೋರ್ಡು ಹಾಕಿದ್ದೇ ತಡ, ಜನ ಮುಗಿಬಿದ್ದರು. ಊರಿನ ಜೋಯಿಸರ ಮಾತಿಗೆ ಹತ್ತು ಅಡ್ಡಪ್ರಶ್ನೆ ಹಾಕುತ್ತಿದ್ದವರು, ಪ್ರಿಂಟರು ಕಿರ್ರೆಂದು ಉಗುಳಿದ ಹಾಳೆಯನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ನೋಡಿದರೆ ಮೈ ಉರಿಯುತ್ತಿತ್ತು ಅವನಿಗೆ. ನನಗೂ.

ಎರಡು ಸಾವಿರದ ಒಂದರಲ್ಲಿ ಗುಬ್ಬಿ ಕಡೆಯ ಹನುಮಂತಮ್ಮ ಮಗಳು ವನಜಾಕ್ಷಿಯ ಜಾತಕ ಮಾಡಿಸಲು ಬಂದರು. ಹುಡುಗ ಕುಣಿಗಲ್ಲಿನ ಲಕ್ಷ್ಮೀಕಾಂತ. ಹುಡುಗ ಹುಡುಗಿ ಇಬ್ಬರೂ ಮನಸಾರೆ ಒಪ್ಪಿದ್ದರು. ಹುಡುಗನ ಅಪ್ಪ ಗಂಗಹನುಮಯ್ಯ ಮಾತ್ರ, ಕಂಪ್ಯೂಟರ್ ಜಾತಕ ಕೂಡಿಬಂದರೆ ತಾಂಬೂಲ ಎಂದಿದ್ದರಂತೆ.

"ಹುಟ್ಟಿದ ಟೈಮ್ ಎಷ್ಟಮ್ಮ?"

"ಹಾಲು ಕರೆಯೋ ಹೊತ್ತು ಸಾಮಿ."

ಕಂಪ್ಯೂಟರಿಗೆ ಬೇಕಾದದ್ದು ಗಂಟೆ, ನಿಮಿಷ. ಪ್ಯಾಕೆಟ್ ಹಾಲಿನ ಮನೆಯವನು ಯೋಗನರಸಿಂಹ, ಬೆಳಗಿನ ಆರು ಎಂದು ಒತ್ತಿಬಿಟ್ಟ. ಕುಜದೋಷ ಬಂತು. ಹಾಳೆ ಕುಣಿಗಲ್ಲಿಗೆ ಹೋಯಿತು, ಸಂಬಂಧ ಮುರಿಯಿತು.

ವಾರ ಕಳೆದು ತಾಯಿ ಮಗಳು ಮತ್ತೆ ಬಂದರು. ವನಜಾಕ್ಷಿಯ ಕಣ್ಣುಗಳು ಅತ್ತು ಊದಿಕೊಂಡಿದ್ದವು.

"ಬೆಳಿಗ್ಗೆ ಅಲ್ಲ ಸಾಮಿ, ಸಂಜೆ ಹಾಲು. ಎಮ್ಮೆ ಕರೆದು ಎದ್ದೆ, ನೋವು ಬಂತು," ಎಂದರು ಹನುಮಂತಮ್ಮ.

"ಅವತ್ತೇ ಹೇಳ್ಬಾರ್ದಾಗಿತ್ತಾ ತಾಯಿ?"

"ನೀವೆಲ್ಲಿ ಕೇಳಿದ್ರಿ? ಕಂಪ್ಯೂಟ್ರಿಗೆ ಎಲ್ಲಾ ಗೊತ್ತಿರ್ತದೆ ಅಂದ್ಕಂಡೆ."

ಅವನು ತಲೆ ಚಚ್ಚಿಕೊಂಡ. ಸಂಜೆ ಆರು ಎಂದು ಒತ್ತಿದರೆ ದೋಷವೂ ಇಲ್ಲ, ಗೀಷವೂ ಇಲ್ಲ. ಹೊಸ ಹಾಳೆ ಹಿಡಿದು, ನನ್ನನ್ನೂ ಸ್ಕೂಟರಿಗೆ ಹತ್ತಿಸಿಕೊಂಡು ಕುಣಿಗಲ್ಲಿಗೆ ಹೊರಟ.

ಗಂಗಹನುಮಯ್ಯ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಯೋಗನರಸಿಂಹ ಇದ್ದದ್ದು ಇದ್ದ ಹಾಗೆ ಹೇಳಿದ: "ತಪ್ಪು ನಂದು ಯಜಮಾನ್ರೇ. ಟೈಮ್ ನಾನೇ ಊಹೆ ಮೇಲೆ ಹಾಕ್ದೆ."

"ಹೆಣ್ಣಿನ ಕಡೆಯೋರು ಅತ್ಕಂಡ್ ಬಂದಿರ್ತಾರೆ, ನಿಮ್ಗೆ ಕರುಳು ಚುರುಕ್ ಅಂದದೆ. ಮನುಷ್ಯ ಸುಳ್ಳು ಹೇಳ್ತಾನೆ ಸಾರ್, ಮಿಷನ್ ಹೇಳಲ್ಲ."

ಯೋಗನರಸಿಂಹ ದೇವರ ಮೇಲೆ ಆಣೆ ಇಟ್ಟ. ಆ ಯಜಮಾನರು ಕದಲಲಿಲ್ಲ. ಸಾಕಾಗಿ ಎದ್ದು ಚಪ್ಪಲಿ ಮೆಟ್ಟಿದವನು, ಗಕ್ಕನೆ ತಿರುಗಿ ಹೇಳಿದ: "ಆಯ್ತು, ನಿಜ ಹೇಳ್ಬಿಡ್ತೀನಿ. ಅವತ್ತು ಕಂಪ್ಯೂಟರಿಗೆ ವೈರಸ್ ಬಂದಿತ್ತು."

ಗಂಗಹನುಮಯ್ಯನ ಮುಖ ಕರಗಿಹೋಯಿತು. "ಅಯ್ಯೋ ಪಾಪ! ಮೊದ್ಲೇ ಹೇಳೋದಲ್ವಾ? ಈಗ ಹುಷಾರಾಗಿದ್ಯಾ?"

ದಾರಿಯಲ್ಲಿ ಟೀ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಯೋಗನರಸಿಂಹ ಕ್ಯಾಕರಿಸಿ ಉಗಿದ. "ಥೂ, ಅಸಹ್ಯ ಕಣಯ್ಯ. ಆಣೆ ಇಟ್ಟು ಹೇಳಿದ್ ನಿಜ ಬೇಡ, ಈ ಸುಳ್ಳು ಬೇಕು. ಅದು ದಡ್ಡ, ದಡ್ಡ ಅಂತ ಇಷ್ಟು ವರ್ಷ ಬಡ್ಕಂಡೆ. ಅದಕ್ಕಂತೂ ಬುದ್ಧಿ ಬರ್ಲಿಲ್ಲ, ಇವ್ರದ್ದೂ ಹೋಯ್ತು." ಟೀ ಕುಡಿಯದೆ ಚೆಲ್ಲಿದ.

ಮದುವೆ ಗೊತ್ತಾಯಿತು. ಒಂದು ದಿನ ಗಂಗಹನುಮಯ್ಯನೇ ಲಗ್ನಪತ್ರಿಕೆ ಹಿಡಿದು ಬಟವಾಡಿಗೆ ಬಂದರು. ನಾನು ಅಲ್ಲೇ ಇದ್ದೆ. ಕರೆಂಟು ಹೋಗಿತ್ತು. ಚಪ್ಪಲಿ ಹೊರಗೆ ಬಿಟ್ಟು, ಮನೆದೇವರ ಮುಂದೆ ಇಟ್ಟಹಾಗೆ ಕೀಬೋರ್ಡಿನ ಮೇಲೆ ಎಲೆಅಡಿಕೆ ಇಟ್ಟು, ಅದರ ಮೇಲೆ ಅರಿಶಿನ ಹಚ್ಚಿದ ಪತ್ರಿಕೆ ಇಟ್ಟು, ಕಪ್ಪು ಪರದೆಗೆ ಕೈಮುಗಿದರು. ಕವರಿನ ಮೇಲೆ ಬರೆದಿತ್ತು: 'ಕಂಪ್ಯೂಟರ್, ಬಟವಾಡಿ.'

"ನಮಗೆ?" ಎಂದ ಯೋಗನರಸಿಂಹ.

ಗಂಗಹನುಮಯ್ಯ ಚೀಲವೆಲ್ಲ ತಡಕಾಡಿ ಹಲ್ಲು ಕಿರಿದರು. "ಅಯ್ಯೋ ಸಾರ್, ನಿಮ್ದು ಬರೆಯೋದೇ ಮರ್ತೋಯ್ತು ನೋಡಿ."