ಡಾಟ್ ಪರಿವಾರಕ್ಕೆ ಬಿಟ್ಟುಕೊಟ್ಟ ಅವ್ವನ ಹೆಸರು

ಅಕ್ಕ, ನನ್ನ ಮಗಳಿಗೆ ಅವ್ವನ ಹೆಸರು ಬೇಡ ಎಂದದ್ದು ಸುಧಾ ಅಲ್ಲ — ನಾನು. ನನ್ನ ಹೆಂಡತಿ ಆ ಮಾತನ್ನು ಯಾವತ್ತೂ ಆಡಿಲ್ಲ, ಆಡುವ ಹೆಂಗಸೂ ಅಲ್ಲ. ಚಿಂಚೋಳಿಯಲ್ಲಿ ತೊಟ್ಟಿಲ ದಿನ ಹಿತ್ತಲಲ್ಲಿ ನಿಂತು ನಿನಗೆ ನಾನು ಹೇಳಿದ್ದು ಶುದ್ಧ ಸುಳ್ಳು. ಅದೂ ಒಂದಲ್ಲ, ಎರಡು — ನಿನಗೊಂದು, ಆಕೆಗೊಂದು. ಎರಡೂ ಎಷ್ಟು ಚೆನ್ನಾಗಿ ನಿಂತವೆಂದರೆ, ಇಷ್ಟು ವರ್ಷ ನೀವಿಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟೂ ಕೊಟ್ಟೂ ದೂರವಾಗಿಬಿಟ್ಟಿರಿ.

ಇಷ್ಟು ದಿನ ಬಾಯಿ ಬಿಡದವನಿಗೆ ಈಗೇನು ಬಂತು ಎಂದು ಕೇಳುತ್ತೀ. ಮೊನ್ನೆ ನಿನ್ನ ಫೋನ್ ಬಂತಲ್ಲ. ನಿನ್ನ ಮೊಮ್ಮಗಳನ್ನು ಈ ಸೋಮವಾರ ಸೇಡಂನಲ್ಲಿ ತೊಟ್ಟಿಲಿಗೆ ಹಾಕುವ ಸುದ್ದಿ ಹೇಳಿದೆ, ನಗಾಡಿದೆ, ನನ್ನ ಹೊಟ್ಟೆ ಮತ್ತೆ ಮುಂದೆ ಬಂದಿದೆಯೇ ಎಂದು ವಿಚಾರಿಸಿದೆ. ಆಮೇಲೆ ದನಿ ತಗ್ಗಿಸಿ ಅಂದೆ — "ಅವ್ವನ ಹೆಸರು ಇಡಬೇಕಂತ ಮಾಡೀನೋ ಗುರ್ಯಾ. ಸುಧಾಗ ಒಂದ್ ಮಾತು ಕೇಳು. ಆಕಿಗಿ ಬ್ಯಾಸರ ಆಗ್ತದಂದ್ರ ಬ್ಯಾಡ, ಬಿಡ್ತೀನಿ."

ನಿನ್ನ ಮೊಮ್ಮಗಳು. ನಿನ್ನ ಮನೆಯ ತೊಟ್ಟಿಲು. ಅದಕ್ಕೆ ನನ್ನ ಹೆಂಡತಿಯ ಅಪ್ಪಣೆ! ನಾನು "ಕೇಳಿ ಹೇಳ್ತೀನಿ" ಎಂದು ಫೋನ್ ಇಟ್ಟೆ. ಇಟ್ಟವನಿಗೆ ನಾಚಿಕೆಯಾಯಿತು ಅಕ್ಕ. ಬಹಳ ನಾಚಿಕೆಯಾಯಿತು. "ಆಕೆಯೇನೂ ಅನ್ನುವುದಿಲ್ಲ, ಇಡು" ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆಗ ನೀನು ಸುಧಾಳನ್ನು ಕ್ಷಮಿಸಿದಂತಾಗುತ್ತಿತ್ತು. ತಪ್ಪೇ ಮಾಡದವಳನ್ನು ಕ್ಷಮಿಸುವುದು — ಅದು ಮೂರನೆಯ ಸುಳ್ಳಾಗುತ್ತಿತ್ತು.

ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನಡುವೆ ಬೈಯಬೇಡ, ಕೊನೆಯಲ್ಲಿ ಒಟ್ಟಿಗೆ ಬೈ.

ಆಗ ನಾನು ಕೊರಳಿಗೆ ಟೈ ಕಟ್ಟಿಕೊಂಡು ತಿರುಗುತ್ತಿದ್ದದ್ದು ನಿನಗೆ ನೆನಪಿರಬೇಕು. ಬಿಸಿಲಿಗೆ ವಾಡಿ ಸ್ಟೇಷನ್ನಿನ ನಾಯಿಗಳೂ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ ನಾನು ಟೈ ಕಟ್ಟಿ ಮೋಟರ್‌ಸೈಕಲ್ ಹತ್ತುತ್ತಿದ್ದೆ. ಹೈದರಾಬಾದಿನ ಒಂದು ಕಂಪನಿ ನನ್ನನ್ನು ಈ ಭಾಗದ ಪ್ರತಿನಿಧಿ ಮಾಡಿಕೊಂಡಿತ್ತು. ನಾನು ಏನು ಮಾರುತ್ತೇನೆ ಎಂದು ನಿನಗೆ ಎಷ್ಟು ಸಲ ವಿವರಿಸಿದೆನೋ, ಪ್ರತಿಸಲವೂ ನೀನು "ಹಾಂ ಹಾಂ, ತಿಳೀತು" ಎಂದು ಚಹಾ ಇಡಲು ಎದ್ದು ಹೋಗುತ್ತಿದ್ದೆ. ಈಗ ಏಳಬೇಡ. ಇಂಟರ್ನೆಟ್ ವಿಳಾಸದ ಕೊನೆಗೆ ಒಂದು ಚುಕ್ಕೆ ಇಟ್ಟು 'ಕಾಮ್' ಎಂದೋ 'ಇನ್' ಎಂದೋ ಬರೆಯುತ್ತಾರಲ್ಲ, ಅಂಥದೇ ಒಂದು ಹೊಸ ಬಾಲವನ್ನು ಆ ಕಂಪನಿ ಕೋಟಿಗಟ್ಟಲೆ ಸುರಿದು ತನ್ನದಾಗಿಸಿಕೊಂಡಿತ್ತು. ಆ ಬಾಲ 'ಡಾಟ್ ಪರಿವಾರ್'. ಬಾಲದ ಹಕ್ಕು ಕಂಪನಿಯದು. ಅದರ ಮುಂದೆ ಯಾರ ಹೆಸರು ಕೂಡಬೇಕಾದರೂ ಕಂಪನಿಗೆ ವರ್ಷವರ್ಷ ಬಾಡಿಗೆ ಕಟ್ಟಬೇಕು. ಮನೆಗೊಂದು, ಮಗುವಿಗೊಂದು ಸ್ವಂತ ವಿಳಾಸ, ಅದರಲ್ಲಿ ಫೋಟೋ, ವಂಶಾವಳಿ, ಮದುವೆಯ ಕರೆಯೋಲೆ — ಇದು ನಮ್ಮ ವ್ಯಾಪಾರ.

ಹೈದರಾಬಾದಿನ ತರಬೇತಿಯಲ್ಲಿ ನಮ್ಮ ತಲೆ ತುಂಬಿ ಕಳಿಸಿದರು. ಹೆಸರೆಂದರೆ ಪ್ಲಾಟು ಇದ್ದ ಹಾಗೆ, ಮೊದಲು ಹೋದವನಿಗೆ ಮೂಲೆಯ ಜಾಗ, ಆಮೇಲೆ ಬಂದವನಿಗೆ ಚರಂಡಿಯ ಪಕ್ಕ. ನಾನು ಅದನ್ನು ಬಾಯಿಪಾಠ ಮಾಡಿ ಶಹಾಬಾದಿನ ಕಲ್ಲಿನ ವ್ಯಾಪಾರಿಗಳಿಗೂ ಸೇಡಂನ ಬೇಳೆ ಮಿಲ್ಲಿನವರಿಗೂ ಒಪ್ಪಿಸುತ್ತಿದ್ದೆ. ಭಂಕೂರದಲ್ಲಿ ಕಲ್ಲಿನ ಗಣಿ ಇಟ್ಟ ಒಬ್ಬ ಹಿರಿಯರು ನನ್ನ ಇಡೀ ಪುರಾಣವನ್ನು ಕೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಅಂದರು — "ಹೆಸರು ನಂದು, ಬಾಲ ನಿಮ್ ಕಂಪನೀದು. ಹಂಗಾದ್ರ ಎತ್ತು ಯಾರ್ದ್ರೀ ತಮ್ಮಾ?" ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ಆಗಲೇ ಸುಧಾ ಚಿಂಚೋಳಿಯ ತವರಿನಲ್ಲಿ ಹಡೆದದ್ದು. ಹೆಣ್ಣು ಕೂಸು. ನಾನು ಆಫೀಸಿಗೆ ಪೇಡೆ ಹಂಚಿದೆ. ನಮ್ಮ ಮೇಲಿನ ಸಾಹೇಬರು ಪೇಡೆ ಬಾಯಿಗಿಟ್ಟುಕೊಂಡೇ ಒಂದು ಯೋಜನೆ ಹಾಕಿದರು. ಬರುವ ತಿಂಗಳು ಕಲಬುರಗಿಯ ಹೋಟೆಲಿನಲ್ಲಿ ದೊಡ್ಡ ಕಾರ್ಯಕ್ರಮವಿದೆ, ಬಂಡವಾಳ ಹೂಡಿದವರೆಲ್ಲ ಬರುತ್ತಾರೆ; 'ಹೆಸರಿಟ್ಟ ದಿನವೇ ಸ್ವಂತ ವಿಳಾಸ ಪಡೆದ ಮೊದಲ ಕೂಸು' ಎಂದು ನಿನ್ನ ಮಗಳ ಹೆಸರನ್ನು ಬ್ಯಾನರಿಗೆ ಹಾಕೋಣ ಎಂದರು. ಅಕ್ಕ, ನನ್ನ ಎದೆ ಎಷ್ಟು ಉಬ್ಬಿತೆಂದರೆ — ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಇಲ್ಲಿ ಕೂಸು ಹುಟ್ಟಿತ್ತು ನಿಜ, ಹೆಸರಿನ ಮುಂಚೆ ಬ್ಯಾನರ್ ಹೊಲಿಸಿಬಿಟ್ಟೆ.

ನೀನು ಯಾವ ಹೆಸರು ಇಡುತ್ತೀ ಎಂಬುದು ನನಗೆ ಗೊತ್ತಿತ್ತು. ಸೋದರತ್ತೆ ನೀನು, ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ನಿನ್ನದು, ನಮ್ಮ ಮನೆಯಲ್ಲಿ ಅದಕ್ಕೆ ಎದುರಾಡಿದವರಿಲ್ಲ. ನೀನು ಅವ್ವನ ಹೆಸರನ್ನೇ ಇಡುತ್ತೀ. ಕಂಪ್ಯೂಟರಿನಲ್ಲಿ ಒತ್ತಿ ನೋಡಿದೆ. 'ರಾಧಾ' ಸಿಗಲಿಲ್ಲ. ದೇವರ ಹೆಸರು, ನದಿಯ ಹೆಸರು, ನಾಲ್ಕು ಜನ ಕೇಳುವ ಹೆಸರುಗಳನ್ನೆಲ್ಲ ಕಂಪನಿ ಮೊದಲೇ ತೆಗೆದಿಟ್ಟುಕೊಂಡಿತ್ತು, ಆಮೇಲೆ ಹರಾಜಿಗೆ ಬಿಡಲು. ಸಾಹೇಬರನ್ನು ಅಂಗಲಾಚಿದೆ. ಅದೊಂದನ್ನು ಬಿಟ್ಟು ಬೇರೆ ಏನಾದರೂ ಇಡಿ, ಯಾರೂ ಇಡದಂಥದ್ದು, ಮಾಡರ್ನ್ ಆಗಿರಲಿ ಎಂದರು. ನಾನು ಅಕ್ಷರ ಕೂಡಿಸಿ ಕಳೆದು ಒತ್ತುತ್ತಾ ಹೋದೆ. 'ನಿಯೋರಾ' ಎಂದು ಒತ್ತಿದಾಗ ಪರದೆಯ ಮೇಲೆ ಹಸಿರು ಗುರುತು ಬಂತು. ಖಾಲಿ ಇತ್ತು. ಖಾಲಿ ಇರದೆ ಏನು ಮಾಡೀತು, ಅಂಥ ಪದವೇ ಲೋಕದಲ್ಲಿರಲಿಲ್ಲ.

ಹೌದು ಅಕ್ಕ. ನಾನು ಆವತ್ತು ಹೇಳಿದಂತೆ ಅದು ಸಂಸ್ಕೃತವೂ ಅಲ್ಲ, 'ಹೊಸ ಬೆಳಕು' ಎಂಬ ಅರ್ಥವೂ ಇಲ್ಲ. ನೀನು ಆಮೇಲೆ ನೀನು ಕಲಿಸುವ ಶಾಲೆಯ ಕಪಾಟಿನ ನಿಘಂಟುಗಳನ್ನೆಲ್ಲ ತಡಕಾಡಿದ್ದು ನನಗೆ ಗೊತ್ತು.

ತೊಟ್ಟಿಲ ದಿನ ಬೆಳಿಗ್ಗೆ ನೀನು ಸೇಡಂನಿಂದ ಬಂದಿಳಿದೆ, ಕೈಯಲ್ಲಿ ಹಸಿರು ಸೀರೆ, ಕೂಸಿಗೆ ಬೆಳ್ಳಿಯ ಕಡಗ. ನನ್ನನ್ನು ಹಿತ್ತಲಿಗೆ ಕರೆದು ಹೇಳಿದೆ. ಆ ಮಾತು ನನಗೆ ಒಂದಕ್ಷರ ತಪ್ಪದೆ ನೆನಪಿದೆ — "ಅವ್ವಗ ಅವ್ವ ಅಂದ್ರು, ವೈನಿ ಅಂದ್ರು, ಮಾಸ್ತರ್ ಹೆಂಡ್ತಿ ಅಂದ್ರು. ಹೆಸರು ಹಿಡಿದು ಕರದವರು ಒಬ್ಬರೂ ಇಲ್ಲೋ. ಈ ಕೂಸಿನ ನೆವದಿಂದರೆ ಆಕಿ ಹೆಸರು ದಿನಾ ಮನ್ಯಾಗ ಕೇಳಬೇಕು."

ನನ್ನ ಹತ್ತನೇ ವಯಸ್ಸಿಗೆ ಅವ್ವ ಹೋದಳು. ಆಮೇಲೆ ನನ್ನ ತಲೆ ಬಾಚಿದವಳು ನೀನು, ಬಾಸುಂಡೆ ಬರುವಂತೆ ಹೊಡೆದವಳೂ ನೀನು. ನಿನ್ನ ಆ ಮಾತಿನ ಮುಂದೆ ಯಾವ ಮಗನಾದರೂ — ಆದರೆ ನಾನು ಏನೆಂದೆ?

"ಸುಧಾಗ ಮನಸ್ಸಿಲ್ಲಕ್ಕ. ಅತ್ತಿ ಹೆಸರಿಟ್ರ ಕೂಸಿಗಿ ಬೈಲಿಕ್ಕ ಬರಂಗಿಲ್ಲ ಅಂತಾಳ."

ಎಂಥ ಚಾಣಾಕ್ಷ ಸುಳ್ಳು ನೋಡು. ಸೊಸೆಯಾದವಳು ಅತ್ತೆಯ ಹೆಸರು ಹೇಳಬಾರದು, ಆ ಹೆಸರಿನ ಕೂಸನ್ನು ಗದರಲು ಬಾಯಿ ಬಾರದು — ನಮ್ಮ ಕಡೆ ಇದನ್ನು ಯಾರು ಬೇಕಾದರೂ ನಂಬುತ್ತಾರೆ. ನೀನೂ ನಂಬಿದೆ. "ಹಡದಾಕಿ ಆಕಿ. ಆಕಿ ಮನಸಿನಂಗ ಆಗ್ಲಿ" ಎಂದೆ. ಅಷ್ಟೇ. ಒಂದು ಕೊಂಕು ಮಾತಿಲ್ಲ.

ಅಲ್ಲಿಂದ ನೆಟ್ಟಗೆ ಒಳಗೆ ಹೋಗಿ ಸುಧಾಳಿಗೆ ಎರಡನೆಯದನ್ನು ಹೇಳಿದೆ: ಅಕ್ಕನಿಗೆ ಹಳೆಯ ಹೆಸರು ಬೇಡವಂತೆ, ತಾನೇ ಹುಡುಕಿ ಹೊಸದೊಂದು ತಂದಿದ್ದಾಳೆ ಎಂದು. ಆಕೆಯ ಮುಖ ಸಣ್ಣದಾಯಿತು. ಯಾಕೆಂದರೆ — ಇದು ನಿನಗೆ ಗೊತ್ತಿಲ್ಲ ಅಕ್ಕ — ಬಾಣಂತಿ ಕೋಣೆಯಲ್ಲಿ ಆಕೆ ಆಗಲೇ ಆ ಕೂಸನ್ನು "ಏ ಅತ್ತಿ" ಎಂದು ಕರೆಯುತ್ತಿದ್ದಳು. ಕಾಣದ ಅತ್ತೆಗೆ ಗದರುವ ಯೋಗ ಹೀಗಾದರೂ ಬಂತಲ್ಲ ಎಂದು ತನ್ನ ತಾಯಿಯ ಮುಂದೆ ನಗುತ್ತಿದ್ದಳು. ಆದರೆ ಸೋದರತ್ತೆಯ ಮಾತನ್ನು ಮುರಿಯುವಂತಿಲ್ಲವಲ್ಲ. ಆಕೆಯೂ ಒಪ್ಪಿದಳು.

ಹೀಗೆ ಇಬ್ಬರಿಗೂ ಬೇಕಾಗಿದ್ದ ಹೆಸರನ್ನು ಒಬ್ಬಳ ಮರ್ಯಾದೆಗೆ ಇನ್ನೊಬ್ಬಳು ಬಿಟ್ಟುಕೊಟ್ಟಿರಿ. ನೀನು ತೊಟ್ಟಿಲಿಗೆ ಬಗ್ಗಿ, ನಾನು ಗೀಚಿಕೊಟ್ಟ ಆ ಹೆಸರನ್ನು ಎರಡು ಸಲ ತಡವರಿಸಿ ಕೂಸಿನ ಕಿವಿಯಲ್ಲಿ ಹೇಳಿದೆ. ಹೆಂಗಸರೆಲ್ಲ ಪದ್ಧತಿಯಂತೆ 'ಕುರ್ರ್' ಎಂದು ನಿನ್ನ ಬೆನ್ನಿಗೆ ಗುದ್ದಿದರು, ಸುಧಾಳ ಅಜ್ಜಿ "ಏನ್ ಹೆಸರೇ ತಾಯಿ ಇದು, ಗುಳಿಗಿ ಹೆಸರು ಇದ್ದಂಗ ಅದ" ಎಂದಳು. ನಾನು ಮೂಲೆಯಲ್ಲಿ ನಿಂತು ಮೊಬೈಲಿನಲ್ಲಿ ನೋಂದಣಿ ಮಾಡುತ್ತಿದ್ದೆ. ನೆಟ್‌ವರ್ಕ್ ಸಿಗದೆ ಕೊನೆಗೆ ಮಾಳಿಗೆ ಹತ್ತಿದೆ.

ಬ್ಯಾನರಿನ ಕಥೆಯನ್ನೂ ಕೇಳಿಬಿಡು, ನಗು ಬಂದರೆ ನಗು. ಕಲಬುರಗಿಯ ಹೋಟೆಲಿಗೆ ಹೊಸ ಅಂಗಿ ಹಾಕಿಕೊಂಡು ಹೋದೆ. ಬ್ಯಾನರ್ ಇತ್ತು, ನಮ್ಮ ನಿಯೋರಾಳ ಹೆಸರೂ ಇತ್ತು. ಫೋಟೋ ಮಾತ್ರ ಯಾವುದೋ ದೇಶದ ಗುಂಡುಗುಂಡಾದ ಬೆಳ್ಳನೆಯ ಕೂಸಿನದು, ನೀಲಿ ಕಣ್ಣು. ನಾನು ಕಳಿಸಿದ ಫೋಟೋದಲ್ಲಿ ನಮ್ಮದು ಹಣೆಯ ತುಂಬ ಕಪ್ಪು ಬೊಟ್ಟು ಇಟ್ಟುಕೊಂಡು ಬಾಯಿ ತೆರೆದು ಅಳುತ್ತಿತ್ತಲ್ಲ, ಅದು ಸರಿಹೋಗಲಿಲ್ಲವಂತೆ. ಯಾರಾದರೂ "ಇವರೇ ತಂದೆ" ಎಂದು ತೋರಿಸಿಯಾರೆಂದು ಬ್ಯಾನರಿನ ಪಕ್ಕದಲ್ಲೇ ನಿಂತೆ. ನೋಡಿದವರು ಆ ಕೂಸನ್ನು ನೋಡಿದರು, ನನ್ನನ್ನು ನೋಡಿದರು, ಊಟಕ್ಕೆ ಹೋದರು.

ಎರಡು-ಮೂರು ವರ್ಷದಲ್ಲಿ ಕಂಪನಿ ಸೋತಿತು. ಜನ ಒಂದು ವರ್ಷದ ಬಾಡಿಗೆ ಕಟ್ಟಿ ಮರೆತರು. ಇಂಥ ಬಾಲಗಳನ್ನೇ ಗುಂಪಾಗಿ ಕೊಳ್ಳುವ ಇನ್ನೊಂದು ದೊಡ್ಡ ಕಂಪನಿ ಬಂದು ಇದನ್ನೂ ಕೊಂಡಿತು. ನಮ್ಮಂಥ ಪ್ರತಿನಿಧಿಗಳು ಅವರಿಗೆ ಬೇಕಾಗಲಿಲ್ಲ, ಬಾಡಿಗೆಯೂ ನಮ್ಮಂಥವರಿಗೆ ಎಟುಕುವಂತೆ ಉಳಿಯಲಿಲ್ಲ. ನಾನು ಟೈ ಬಿಚ್ಚಿ ಚಿತ್ತಾಪುರದಲ್ಲಿ ತಹಶೀಲ್ ಆಫೀಸಿನ ಎದುರು ಆನ್‌ಲೈನ್ ಅಂಗಡಿ ತೆರೆದೆ. ಪಹಣಿ ತೆಗೆದುಕೊಡುತ್ತೇನೆ, ಅರ್ಜಿ ತುಂಬುತ್ತೇನೆ, ಸುಖವಾಗಿದ್ದೇನೆ. ಯಾವುದಕ್ಕಾಗಿ ಅವ್ವನ ಹೆಸರು ಬಿಟ್ಟುಕೊಟ್ಟೆನೋ ಆ ವಿಳಾಸವನ್ನು ಈಗ ಒತ್ತಿದರೆ ಪುಟವೇ ಇಲ್ಲ ಎಂದು ಬರುತ್ತದೆ.

ಮಗಳ ಬಗ್ಗೆ ಮರುಗಬೇಡ. ನಾಲ್ಕನೇ ಇಯತ್ತೆಯ ಆ ಹುಡುಗಿಗೆ ತನ್ನ ಹೆಸರೆಂದರೆ ಭಾರಿ ಜಂಬ. ಇಡೀ ಚಿತ್ತಾಪುರದಲ್ಲಿ ತಾನೊಬ್ಬಳೇ ನಿಯೋರಾ ಎಂದು ಮೆರೆಯುತ್ತಾಳೆ, ಬಂದವರಿಗೆಲ್ಲ 'ಹೊಸ ಬೆಳಕು' ಎಂದು ಅರ್ಥ ಹೇಳುತ್ತಾಳೆ. ಈಗ ಆಡಲು ಹೊರಗೆ ಕಳಿಸಿದ್ದೇನೆ, ಆಕೆಗೂ ನಿಜ ಹೇಳಬೇಕು — ಅದಕ್ಕೆ ಇನ್ನೂ ಧೈರ್ಯ... ಹೇಳುತ್ತೇನೆ.

ಸುಧಾಳಿಗೆ ನಿನ್ನೆ ಹೇಳಿದೆ. ಬೆಳಿಗ್ಗೆ ಪುಂಡಿಪಲ್ಯ ಸೋಸುತ್ತಾ ಕುಳಿತಿದ್ದಳು. ಬ್ಯಾನರಿನ ಕೂಸಿನ ತನಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ಹಗುರಾದೆ, ಇಷ್ಟೇ ಅಲ್ಲವೇ ಎಂದುಕೊಂಡೆ. ಆಮೇಲೆ ಹಿತ್ತಲಿನ ಮಾತು ಹೇಳಿದೆ. ನಗು ನಿಂತಿತು. ಸೊಪ್ಪು ಬಿಡಿಸುವ ಕೈಯೂ ನಿಂತಿತು.

"ಅಕ್ಕ ಒಮ್ಮಿನೂ ಕೂಸಿನ ಹೆಸರು ಹಿಡಿದು ಕರಿಲಿಲ್ಲ, ಪುಟ್ಟಿ ಅಂತಾರ. ನನ್ನ ಕೈಯಾಗಿನ ಹೋಳಿಗಿ ಎರಡನೇದ್ದು ಹಾಕಿಸಿಕೊಳ್ಳಲಿಲ್ಲ. ನಾ ಏನ್ ತಪ್ಪು ಮಾಡೀನಿ ಅಂತ ಇಷ್ಟು ವರ್ಷ ಹುಡುಕ್ಲಿಕತ್ತಿದ್ದೆನ್ರೀ" ಎಂದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ನೂರು ಸಲ ಹೇಳಿ ನಗಿಸಿದ್ದೇನೆ. ಬರೆಯನ್ನು ನನ್ನ ಕೈಯಾರೆ ಹಾಕಿದ್ದೆನೆಂದು ಆಗ ತಿಳಿಯಿತು. ಆಕೆ ಜಗಳ ಮಾಡಲಿಲ್ಲ. ನಿನಗೆ ಫೋನಿನಲ್ಲಿ ಹೇಳಕೂಡದು, ಎದುರು ನಿಂತು ಹೇಳಬೇಕು, ತಾನೂ ಬರುತ್ತೇನೆ ಎಂದಳು. ಎದುರು ನಿಂತರೆ ನಾನು ಅರ್ಧಕ್ಕೇ ಜಾರಿಕೊಂಡು ಬೇರೆ ಸುದ್ದಿ ತೆಗೆಯುತ್ತೇನೆಂದು ನಿಮ್ಮಿಬ್ಬರಿಗೂ ಗೊತ್ತು, ಅದಕ್ಕೇ ಎಲ್ಲವನ್ನೂ ಬರೆದು ತಂದಿದ್ದೇನೆ. ಬಂದ ನೆಂಟರ ಮುಂದೆಯೇ ಓದುತ್ತಿದ್ದೇನೆ. ಚಿಂಚೋಳಿಯ ಹಿತ್ತಲಲ್ಲಿ ಗುಟ್ಟಾಗಿ ಹೋದ ಸುಧಾಳ ಹೆಸರು ನಾಲ್ಕು ಜನರ ನಡುವೆಯೇ ವಾಪಸು ಬರಬೇಕು.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ವಯಸ್ಸು ಸಣ್ಣದಿತ್ತು, ಕಂಪನಿ ತಲೆ ಕೆಡಿಸಿತು ಎಂದೆಲ್ಲ ಹೇಳಬಹುದು — ಹೇಳುವುದಿಲ್ಲ. ಕಂಪನಿ ಕೇಳಿದ್ದು ಒಂದು ಹೆಸರು ಮಾತ್ರ. ಸುಳ್ಳನ್ನು ಅದು ಕೇಳಿರಲಿಲ್ಲ, ಅದನ್ನು ನಾನಾಗಿಯೇ ಕೊಟ್ಟೆ.

ಬೆಳಗಿನ ಗಾಡಿಗೆ ಮೂವರೂ ಬಂದಿದ್ದೇವೆ. ಕೂಸಿನ ಸೋದರತ್ತೆಯಾದ ನಿನ್ನ ಮಗಳಿಗೆ ಈಗಲೇ ಹೇಳು, ಕೂಸಿಗೆ ರಾಧಾ ಎಂದು ಗಟ್ಟಿಯಾಗಿ ಕೂಗಲಿ, ಓಣಿಗೆಲ್ಲ ಕೇಳಲಿ. ಇನ್ನು ಮೇಲೆ ಅವ್ವನ ಹೆಸರಿಗೆ ಯಾರ ಅಪ್ಪಣೆಯನ್ನೂ ಕೇಳಬೇಡ ಅಕ್ಕ — ಅದರಲ್ಲೂ ನನ್ನ ಬಾಯಿಂದ ಕೇಳಿಸಬೇಡ.