ಹಿನ್ನೀರಿನ ದಡದಲ್ಲಿ ಬೆಲ್ಲ, ನೀರು

ನಮ್ಮವರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂದು ಓಡಾಡುವ ಬಸ್ಸಿನಲ್ಲಿ ತಲೆಗೂದಲು ಬೆಳ್ಳಗಾಗುವವರೆಗೂ ಕಂಡಕ್ಟರಾಗಿದ್ದವರು. ಕಿಟಕಿಯಲ್ಲಿ ಭದ್ರಾ ಹಿನ್ನೀರು ಕಂಡಾಗಲೆಲ್ಲ ಅಲ್ಲೇ ಇಳಿದುಬಿಡೋಣ ಅನ್ನಿಸುತ್ತದೆ, ಒಂದು ವಾರ ದಡದಲ್ಲಿ ಸುಮ್ಮನೆ ಕೂರಬೇಕು ಎಂದು ಮನೆಗೆ ಬಂದು ಹೇಳುತ್ತಿದ್ದರು. ಕೂತವರಿಗೆ ಬೇಯಿಸಿ ಹಾಕುವವರು ಯಾರು ಎಂದು ನಾನು ಕೇಳುತ್ತಿದ್ದೆ. ಹಾಗಾಗಿ ಆ ಆಸೆ ಬಸ್ಸಿನಲ್ಲೇ ಉಳಿಯಿತು.

ಈ ವರ್ಷ ಹೋದೆವು. ನನ್ನ ಅಣ್ಣನ ಮಗಳು ನರಸಿಂಹರಾಜಪುರದ ಹತ್ತಿರ ಹಿನ್ನೀರಿನ ದಡದಲ್ಲಿ ಟೆಂಟ್ ಹಾಕಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾಳೆ. ಜನರಿಲ್ಲದ ವಾರ ನೋಡಿ, ಮಾವನನ್ನು ಕರೆದುಕೊಂಡು ಬಂದು ಆರಾಮಾಗಿ ಇದ್ದು ಹೋಗಿ ಅತ್ತೆ ಎಂದಳು. ಆರಾಮ ಎಂಬ ಮಾತು ಕೇಳಿಯೇ ನನಗೆ ರೇಗಿತು. ಶಿವಮೊಗ್ಗದ ಡಾಕ್ಟರು ಇವರದು ಮರೆವಿನ ಕಾಯಿಲೆ, ಹೆಚ್ಚಾಗುತ್ತಾ ಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ ಎಂದಿದ್ದರು. ನಾನು ನಂಬಿರಲಿಲ್ಲ. ಆದರೆ ಎಷ್ಟೋ ತಿಂಗಳಿಂದ ಇವರು ನನ್ನನ್ನು ಕರೆದೇ ಇರಲಿಲ್ಲ. ಅಷ್ಟು ಬಯಸಿದ ನೀರಿನ ಎದುರು ಕೂತರೆ ಮೊದಲಿನ ಹಾಗೆ ಒಂದು ಸಲ "ಮಾರಾಯ್ತಿ" ಎಂದಾರು ಅಂದುಕೊಂಡೆ. ಹೊರಟದ್ದು ಅದೊಂದಕ್ಕೇ.

ಡಾಕ್ಟರನ್ನು ನಂಬದಿರಲು ಕಾರಣವೂ ಇತ್ತು. ನಮ್ಮ ಕಡೆ ಯಾರೇ ಮನೆಗೆ ಬರಲಿ, ಮೊದಲು ಆಸರಿಗೆ ಕೊಡುತ್ತೇವೆ. ಚೊಂಬಿನಲ್ಲಿ ನೀರು, ಜೊತೆಗೊಂದು ಚೂರು ಬೆಲ್ಲ, ಮಾತೆಲ್ಲ ಆಮೇಲೆ. ನಮ್ಮವರು ಇದರಲ್ಲಿ ತಪ್ಪಿದವರೇ ಅಲ್ಲ. ಹರಿಹರಪುರದಿಂದ ಅವರ ತಂಗಿ ನೋಡಿಹೋಗಲು ಬಂದಾಗಲೂ ತಾವೇ ಬೆಲ್ಲ ತಂದಿಟ್ಟು, ಬಸ್ಸಿನಲ್ಲಿ ಸೀಟ್ ಸಿಕ್ಕಿತಾ, ನಿಮ್ಮ ಕಡೆ ಮಳೆ ಹೇಗೆ ಎಂದು ನಗುತ್ತಾ ವಿಚಾರಿಸಿದರು. ಅಣ್ಣನಿಗೆ ಎಂತದ್ದೂ ಆಗಿಲ್ಲ, ಅತ್ತಿಗೆಗೇ ಹೆದರಿಕೆ ಎಂದು ಆಕೆ ನೆಂಟರಿಗೆಲ್ಲ ಹೇಳಿಕೊಂಡು ಬಂದಳು. ಬೈಸಿಕೊಂಡರೂ ನನಗೆ ಹಿತವಾಗಿಯೇ ಇತ್ತು. ಟೆಂಟಿಗೆ ಹೊರಟ ದಿನ ಇವರು ಕನ್ನಡಕ ಮರೆತರು, ಮಾತ್ರೆ ಮರೆತರು, ಬೆಲ್ಲದ ಡಬ್ಬಿಯನ್ನು ಮಾತ್ರ ನೆನಪಿಟ್ಟು ಚೀಲಕ್ಕೆ ಹಾಕಿದ್ದರು. ಟೆಂಟಿಗೆ ಯಾವ ನೆಂಟರು ಬರುತ್ತಾರೆ ಎಂದು ನಾನು ನಕ್ಕೆ.

ಹಿನ್ನೀರು ಆಗಲೇ ಇಳಿಯತೊಡಗಿತ್ತು. ನೀರು ಬಿಟ್ಟುಕೊಟ್ಟ ನೆಲದಲ್ಲಿ ಹುಲ್ಲು ಚಿಗುರಿ ದನಗಳು ಮೇಯುತ್ತಿದ್ದವು. ನಮ್ಮವರು ಮಾತ್ರ ಕುರ್ಚಿಯನ್ನು ದಾರಿಯ ಕಡೆ ತಿರುಗಿಸಿ, ನೀರಿಗೆ ಬೆನ್ನು ಹಾಕಿ ಕೂತರು. ನಾನು ಸರಿ ಮಾಡಿ ಕೂರಿಸಿದರೆ ಎದ್ದು ಮತ್ತೆ ಹಾಗೇ ತಿರುಗಿಸಿಕೊಂಡರು. ಊಟ ಅಣ್ಣನ ಮಗಳ ಮನೆಯಿಂದ ಬರುತ್ತಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ. ಮದುವೆಯಾದ ಮೇಲೆ ನನಗೆ ಇಷ್ಟು ಬಿಡುವು ಸಿಕ್ಕಿದ್ದೇ ಇಲ್ಲ. ಆ ಬಿಡುವೇ ನನ್ನನ್ನು ತಿಂದುಹಾಕಿತು. ಮನೆಯಲ್ಲಾದರೆ ಪಾತ್ರೆ ಬಟ್ಟೆ ಅಂತ ಏನಾದರೂ ಇರುತ್ತಿತ್ತು, ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಇವರ ಮೌನವನ್ನೇ ನೋಡಬೇಕು. ಹೊಸದಾಗಿ ಮದುವೆಯಾದಾಗ ಇವರ ಬಸ್ಸಿನಲ್ಲೇ ತವರಿಗೆ ಹೊರಟ ನನ್ನಿಂದಲೂ ಬಿಡದೆ ಟಿಕೆಟ್ ದುಡ್ಡು ಇಸಿದುಕೊಂಡ ಕಥೆ ಹೇಳಿದೆ. ಹೌದಾ ಎಂದರು, ಪಕ್ಕದ ಮನೆಯ ಸುದ್ದಿ ಕೇಳಿದ ಹಾಗೆ. ನನಗೆ ಅಳು ಬಂತು, ಅದನ್ನೂ ಅವರು ನೋಡಲಿಲ್ಲ.

ವಾರದ ನಡುವೆ ಒಬ್ಬ ಹೆಂಗಸು ತಪ್ಪಿಸಿಕೊಂಡ ಕರುವನ್ನು ಹುಡುಕುತ್ತಾ ಟೆಂಟಿನ ಹತ್ತಿರ ಬಂದಳು. ನಮ್ಮವರು ಚುರುಕಾಗಿ ಎದ್ದರು. ಚೊಂಬು ತೊಳೆದು ನೀರು ತುಂಬಿದರು, ಬೆಲ್ಲ ಒಡೆದು ಕೊಟ್ಟರು, ಬಿಸಿಲಿನಲ್ಲಿ ಬಂದಿದ್ದೀರಿ, ಕೂತುಕೊಳ್ಳಿ ಎಂದರು. ಇಂಥವರು ಈಗಿನ ಕಾಲದಲ್ಲಿ ಎಲ್ಲಿದ್ದಾರೆ, ನೀವು ಪುಣ್ಯ ಮಾಡಿದ್ದೀರಿ ಎಂದು ಆಕೆ ನನಗೆ ಹೇಳಿ ಹೋದಳು. ನಾನು ಹಿಗ್ಗಿ ಹೋದೆ. ಸಂಜೆ ಊಟ ತಂದ ಅಣ್ಣನ ಮಗಳ ಹತ್ತಿರ, ಮಾವ ಮೊದಲಿನ ಹಾಗೆ ಆಗುತ್ತಿದ್ದಾರೆ ಎಂದು ಹೇಳಿ ಡಾಕ್ಟರನ್ನು ಬಾಯಿಗೆ ಬಂದಂತೆ ಬೈದೆ.

ಕೊನೆಯ ದಿನ ಬಟ್ಟೆ ಒಗೆಯಲು ನೀರಿಗೆ ಇಳಿದಿದ್ದೆ. ಬಕೆಟ್ ಹಿಡಿದು ದಡ ಹತ್ತಿ, ದಾರಿಯ ಕಡೆಯಿಂದ ಸುತ್ತಿ ಬರುವಾಗ ನಮ್ಮವರು ದೂರದಿಂದಲೇ ನನ್ನನ್ನು ಕಂಡು ಎದ್ದು ನಿಂತರು. ಮುಖ ಅರಳಿತ್ತು. ನನಗಾಗಿ ಆ ಮುಖ ಅರಳಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತು! ಈ ವಯಸ್ಸಿನಲ್ಲೂ ನಾಚಿಕೆಯಾಗುವಷ್ಟು ಸಂತೋಷವಾಯಿತು. ಬೇಗ ಬೇಗ ನಡೆದೆ. ನಾನು ಹತ್ತಿರ ಬರುವುದರೊಳಗೆ ಅವರ ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಬೆಲ್ಲ ಇತ್ತು.

"ಬನ್ನಿ, ಕೂತ್ಕಳಿ. ಆಸರಿಗೆ ತಗಳಿ. ಬಸ್ಸಲ್ಲಿ ಸೀಟ್ ಸಿಕ್ತಾ?"

ಮನೆಯವರಿಗೆ ಯಾರೂ ಆಸರಿಗೆ ಕೊಡುವುದಿಲ್ಲ. ಬಂದವರಿಗೆ ಕೊಡುವುದು ಅದು. ತಂಗಿಯನ್ನೂ ಅವರು ಅವತ್ತು ಗುರುತು ಹಿಡಿದಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಬಂದವರನ್ನು ಕೇಳಬೇಕಾದ್ದನ್ನು ಕೇಳಿದ್ದರು, ಅಷ್ಟೇ. ಅವರ ಮರ್ಯಾದೆಯನ್ನೇ ನಾವೆಲ್ಲ ಆರೋಗ್ಯ ಅಂದುಕೊಂಡಿದ್ದೆವು.

ಬಕೆಟ್ ಇಟ್ಟು ಕುರ್ಚಿಯಲ್ಲಿ ಕೂತೆ. ಸೀಟ್ ಸಿಕ್ಕಿತು ಎಂದೆ. ಬೆಲ್ಲ ಬಾಯಿಗೆ ಹಾಕಿಕೊಂಡೆ.

"ಮನೇಲಿ ಎಲ್ಲ ಆರಾಮಾ?" ಎಂದು ಕೇಳಿದರು.

"ಇಲ್ಲ. ನಮ್ಮವರಿಗೆ ಹುಷಾರಿಲ್ಲ."

ಅವರ ಮುಖ ನಿಜವಾಗಿಯೂ ಬಾಡಿತು. ಪಾಪ ಎಂದರು. ಇನ್ನೊಂದು ಚೂರು ಬೆಲ್ಲ ಒಡೆದು ನನ್ನ ಕೈಗೆ ಹಾಕಿದರು.