ಪಕ್ಕದ ಸೀಟಿನ ಸೈನಿಕ

ನಿನ್ನೆ ಸಂತೆಯಿಂದ ಬರುವಾಗ ದೊಡ್ಡದೊಂದು ಕುಂಬಳಕಾಯಿಯನ್ನು ಕಾರಿನ ಮುಂದಿನ ಸೀಟಿನಲ್ಲಿಟ್ಟೆ. ಹೊರಟ ಕೂಡಲೇ ಕಾರು ಕೀಂ ಕೀಂ ಎಂದು ಬೊಬ್ಬೆ ಹಾಕತೊಡಗಿತು. ಕುಂಬಳಕಾಯಿ ಬೆಲ್ಟ್ ಹಾಕಿಕೊಂಡಿಲ್ಲವಂತೆ! ಈ ಕಾರಿಗೆ ತೂಕ ಗೊತ್ತು, ಮನುಷ್ಯರು ಗೊತ್ತಿಲ್ಲ. ನಗುತ್ತಲೇ ಬೆಲ್ಟ್ ಎಳೆದವಳ ಕೈ ಒಂದು ಗಳಿಗೆ ನಿಂತಿತು. ಇದೇ ಸೀಟಿನಲ್ಲಿ ಹಿಂದೊಮ್ಮೆ ಒಬ್ಬ ಸೈನಿಕನನ್ನು ಕೂರಿಸಿಕೊಂಡು ಹೋಗಿದ್ದೆ.

ನಿವೃತ್ತಳಾದ ಮೇಲೆ ನನಗೊಂದು ಗೀಳು ಹಿಡಿದಿದೆ. ಒಬ್ಬಳೇ ಕಾರು ಹತ್ತಿ ಊರೂರಿನ ವಸ್ತುಸಂಗ್ರಹಾಲಯ, ಸ್ಮಾರಕಗಳನ್ನು ನೋಡುತ್ತಾ ಹೋಗುವುದು. ಗೆಳತಿಯರು ಕಾಶಿಗೆ ಹೋಗುತ್ತಾರೆ, ನಾನು ಒಡೆದ ಮಡಕೆ ನೋಡಲು ಹೋಗುತ್ತೇನೆ. "ಸತ್ತವರ ಮೇಲಿರೋ ಅಕ್ಕರೇಲಿ ಅರ್ಧ ನನ್ನ ಮೇಲಿದ್ದಿದ್ರೆ!" ಎಂದು ನಮ್ಮ ಯಜಮಾನರು ನಿಟ್ಟುಸಿರು ಬಿಡುತ್ತಾರೆ.

ಆ ಸಲ ಸಖರಾಯಪಟ್ಟಣದ ಮೇಲೆ ಕಡೂರಿಗೆ ಬಂದಿದ್ದೆ. ದಾರಿಯಲ್ಲಿ ನೋಡಿದ ವೀರಗಲ್ಲುಗಳನ್ನೇ ಮೆಲುಕು ಹಾಕುತ್ತಿದ್ದೆ. ಗಮನಿಸಿದ್ದೀರಾ? ಕಾದಿ ಮಡಿದವರು ಬೇರೆ ಬೇರೆ, ಕಲ್ಲಿನಲ್ಲಿ ಮಾತ್ರ ಎಲ್ಲರಿಗೂ ಒಂದೇ ಮುಖ. ಕಲ್ಲುಕುಟಿಗ ಅವರನ್ನು ಕಂಡಿದ್ದನೋ ಇಲ್ಲವೋ. ಹೋಲುವುದಿಲ್ಲವೆಂದು ಯಾರೂ ಜಗಳ ತೆಗೆದಂತಿಲ್ಲ.

ಶಿವನಿಯ ಆಚೆಯ ಹಳ್ಳಿಯೊಂದರಲ್ಲಿ ಯೋಧನ ಸ್ಮಾರಕವಿದೆಯೆಂದು ಕೇಳಿ ಅಲ್ಲಿಗೆ ಹೋದೆ. ಸಮಾಧಿಯ ಕಟ್ಟೆಯ ಮೇಲೆ ಥಳಥಳಿಸುವ ಹೊಸ ಕಂಚಿನ ಪ್ರತಿಮೆ ಇತ್ತು. ಕೆಳಗೆ, ಗೋಣಿಚೀಲದ ಮೇಲೆ, ಬಣ್ಣ ಮಾಸಿದ ಹಳೆಯ ಸಿಮೆಂಟಿನ ಪ್ರತಿಮೆ, ತಲೆಯಿಂದ ಎದೆಯವರೆಗಿನದು. ಅದಕ್ಕೆ ಒರಗಿ ವಯಸ್ಸಾದ ಹೆಂಗಸೊಬ್ಬರು ನೆಲದಲ್ಲೇ ಕೂತಿದ್ದರು. ಅವರು ಯೋಧ ಕುಮಾರನ ತಾಯಿ ಚಂದ್ರಮ್ಮ. ಅಜ್ಜಂಪುರದಲ್ಲಿ ಮಗಳ ಜೊತೆ ಇರುವ ಆಕೆ ವಾರವಾರ ಬಸ್ಸಿನಲ್ಲಿ ಇಲ್ಲಿಗೆ ಬರುತ್ತಿದ್ದರಂತೆ.

"ಹಳೇದು ಕುಮಾರಣ್ಣನ ಥರ ಇರ್ಲೇ ಇಲ್ಲ ಮೇಡಂ," ಎಂದ ಹೊಸ ಪ್ರತಿಮೆ ನಿಲ್ಲಿಸಿದ ಊರಿನ ಯುವಕನೊಬ್ಬ. "ಮೂಗು ಉದ್ದ, ಮೀಸೆ ಇನ್ಯಾರ್ದೋ. ಎಲ್ಲ ಸೇರಿ ಫೋಟೋ ಕೊಟ್ಟು ಹೊಸದು ಮಾಡಿಸಿದ್ವಿ. ಹಳೇದನ್ನ ಕೆರೆಗೆ ಬಿಡಾಣ ಅಂದ್ರೆ ಅಮ್ಮ ಏಳ್ತಾನೇ ಇಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು.

ನಾನೂ ನೆಲದಲ್ಲಿ ಕೂತೆ. "ಹೊಸದು ಚೆನ್ನಾಗಿಲ್ವೇನಮ್ಮ?"

"ಚೆನ್ನಾಗೈತೆ ಕಣವ್ವ. ಅವ್ನೇ ಎದ್ದು ಬಂದಂಗೈತೆ. ಅದಕ್ಕೇ ನೋಡಕ್ಕಾಗಕಿಲ್ಲ." ಅವರು ಸಿಮೆಂಟಿನ ಹೆಗಲು ಸವರಿದರು. "ಇವ್ನು ಸತ್ತೋನಲ್ಲ. ಅವ್ನು ಸತ್ಮೇಲೆ ಬಂದೋನು. ಇಷ್ಟು ವರ್ಷ ಮುಖ ತೊಳ್ಸಿ, ಕಷ್ಟ ಸುಖ ಹೇಳ್ಕೊಂಡಿದೀನಿ. ಹೆಂಗವ್ವ ನೀರಿಗೆ ಹಾಕ್ಲಿ? ಮನೇಗೆ ಕರ್ಕೊಂಡೋಗ್ತೀನಿ ಅಂದ್ರೆ ಬಸ್ನೋರು ಹತ್ತಿಸ್ಕೊಳಕಿಲ್ಲ."

"ನನ್ನ ಕಾರಲ್ಲಿ ಕರ್ಕೊಂಡು ಹೋಗೋಣ ಬನ್ನಿ," ಎಂದುಬಿಟ್ಟೆ. ತಗೊಂಡು ಹೋಗೋಣ ಎನ್ನಲು ನಾಲಿಗೆ ಏಳಲಿಲ್ಲ.

'ಮುಟ್ಟಬೇಡಿ' ಫಲಕಗಳ ಮುಂದೆ ಕೈಕಟ್ಟಿ ನಿಂತು ಅಭ್ಯಾಸವಾದವಳು ನಾನು. ಅಂದು ಆ ಯುವಕನ ಜೊತೆ ಸ್ಮಾರಕದ ಹೆಗಲಿಗೇ ಕೈ ಕೊಟ್ಟೆ. ಹಿಂದಿನ ಸೀಟು ಕುಲುಕುತ್ತದೆಂದು ಚಂದ್ರಮ್ಮ ಅವನನ್ನು ಮುಂದೆ ಕೂರಿಸಿ ತಾವು ಹಿಂದೆ ಕೂತರು. ಕಾರು ಕೂಗಿತು.

"ಯಾಕವ್ವ ಹಂಗೆ ಬಡ್ಕಂತೈತೆ?"

"ಬೆಲ್ಟ್ ಹಾಕಿಲ್ಲ ಅಂತ."

"ಹಾಕವ್ವ ಮತ್ತೆ. ಜೋಪಾನ."

ಅಜ್ಜಂಪುರದವರೆಗೂ ಆಕೆ ಮುಂದಿನ ಸೀಟಿನೊಂದಿಗೆ ಮಾತಾಡಿದರು. ಮೆಣಸಿನ ಗಿಡಕ್ಕೆ ರೋಗ ಬಂದದ್ದು, ಮಗಳು ಮಂಜುಳಾಗೆ ಮಂಡಿನೋವು, ಎಲ್ಲ. ನಡುವೆ ನಾನು ಹೂಂ ಎಂದಾಗ, "ನಿಂಗಲ್ಲ ಕಣವ್ವ," ಎಂದರು.

ಮಂಜುಳಾ ಬಾಗಿಲಲ್ಲೇ ತಡೆದಳು. "ಅಮ್ಮ, ಸಮಾಧಿ ಮೇಲಿಂದು ಮನೇಗೆ ತರಬಾರ್ದು ಅಂತಾರೆ. ನಾಳೆ ಏನಾದ್ರೂ ಹೆಚ್ಚು ಕಮ್ಮಿ ಆದ್ರೆ?"

ಚಂದ್ರಮ್ಮ ಹಿಂದಿರುಗಿ ಕಾರಿನೊಳಗೆ ಕೂತರು. ನನಗೋ ಎಲ್ಲಿ ನೋಡಬೇಕೆಂದೇ ತೋಚಲಿಲ್ಲ. ಪರರ ಮನೆಯ ದುಃಖವನ್ನು ಬಾಗಿಲಿಗೆ ತಂದು ನಿಲ್ಲಿಸಿದ್ದೆನಲ್ಲ. ತಾಯಿಯನ್ನು ಇಳಿಸಲು ಬಂದ ಮಂಜುಳಾ ಮುಂದಿನ ಸೀಟಿನತ್ತ ಬಗ್ಗಿ ನೋಡಿದಳು. ಎದೆಗೆ ಅಡ್ಡಲಾಗಿ ಬೆಲ್ಟ್, ನೆಟ್ಟ ನೋಟ. "ಅಯ್ಯೋ, ಬೈಕಿಗೆ ಹೆಲ್ಮೆಟ್ಟೇ ಹಾಕ್ತಿರ್ಲಿಲ್ಲ ನಮ್ಮಣ್ಣ," ಎಂದು ನಕ್ಕಳು. ನಗು ಮುಗಿಯುವ ಮೊದಲೇ ಅಳು ಬಂತು. ಅಳುತ್ತಲೇ ಬೆಲ್ಟ್ ಬಿಚ್ಚಿದಳು. "ಹಿತ್ತಲಲ್ಲಿ ಇಡಾಣ. ಹಿತ್ಲು ಮನೆ ಒಳಗಲ್ವಲ್ಲ."

ಸಂಜೆ ತರೀಕೆರೆ ಮುಟ್ಟಬೇಕಿದ್ದವಳು ಅವರ ಮನೆಯಲ್ಲೇ ಮುದ್ದೆ ಉಂಡು ಉಳಿದೆ.

ನಿನ್ನೆ ಇದೆಲ್ಲ ನೆನಪಾಯಿತಲ್ಲ, ಇವತ್ತು ಬೆಳಿಗ್ಗೆ ತಡೆಯಲಾರದೆ ಅಜ್ಜಂಪುರಕ್ಕೆ ಹೋದೆ. ಮಂಜುಳಾ ಹಿತ್ತಲಲ್ಲಿ ಅಣ್ಣನ ಅಂಗಿಗೆ ಹಸಿರು ಬಳಿಯುತ್ತಿದ್ದಳು. ಸೇನೆಯ ಹಸಿರಲ್ಲ, ಗಿಳಿಹಸಿರು. "ಅಂಗಡೀಲಿ ಇದೇ ಇತ್ತು ಕಣ್ರೀ," ಎಂದು ನನ್ನ ಕೈಗೂ ಒಂದು ಕುಂಚ ಕೊಟ್ಟಳು. ಇಷ್ಟು ವರ್ಷ ಸ್ಮಾರಕಗಳನ್ನು ನೋಡಿ ಬಂದವಳು ಮೊದಲ ಬಾರಿ ಒಂದಕ್ಕೆ ಗುಂಡಿ ಬರೆದೆ, ಕಾಲರು ತಿದ್ದಿದೆ. ಹುರುಪಿನಲ್ಲಿ ಮಾಸಿದ ಕಣ್ಣಿನತ್ತ ಕೈ ಹೋಯಿತು.

ಜಗಲಿಯಲ್ಲಿ ಕೂತಿದ್ದ ಚಂದ್ರಮ್ಮ, "ಕಣ್ಣು ಮುಟ್ಬೇಡ ಕಣವ್ವ," ಎಂದರು. "ನನ್ನ ನೋಡಿ ನೋಡಿ ಹಂಗಾಗವೆ. ಇರ್ಲಿ."

ನಾನು ಕುಂಚ ಕೆಳಗಿಟ್ಟೆ.